ಎಂಎಲ್‌ಬಿ ಆಡಿಯೋ ಚಂದಾ: ಆಲ್ದೂರಿನ ತೋಟದಲ್ಲಿ ಕೂತು ಕೇಳಿದ ವರ್ಲ್ಡ್ ಸೀರೀಸ್

ನಮ್ಮ ಮನೆ ಆಲ್ದೂರಿನಿಂದ ಒಳಗೆ, ಕಾಫಿ ತೋಟದ ನಡುವೆ. ಅಡುಗೆ ಮನೆ ಕಿಟಕಿ ಹತ್ತಿರ ಫೋನಿಗೆ ಎರಡು ಕಡ್ಡಿ ಸಿಗ್ನಲ್ ಬರುತ್ತದೆ. ನೀರಿನ ಟ್ಯಾಂಕಿನ ದಿಬ್ಬ ಹತ್ತಿದರೆ ಮೂರು. ಇಷ್ಟರಲ್ಲಿ ಅಮೆರಿಕದ ಬೇಸ್‌ಬಾಲ್ ನೋಡಲು ಹೋದರೆ ಚೆಂಡು ಎಸೆಯುವ ಪಿಚರ್ ಕೈ ಎತ್ತಿದಲ್ಲಿಗೇ ಚಿತ್ರ ನಿಂತುಬಿಡುತ್ತದೆ. ಹಾಗಾಗಿ ಈ ಸಲ ನೋಡುವ ಆಸೆ ಬಿಟ್ಟು ಕೇಳಲು ಶುರು ಮಾಡಿದೆ. ಮೇಜರ್ ಲೀಗ್ ಬೇಸ್‌ಬಾಲ್‌ನವರ ಎಂಎಲ್‌ಬಿ ಆ್ಯಪ್‌ನಲ್ಲಿ ರೇಡಿಯೋ ಕಾಮೆಂಟರಿಗೆ ಮಾತ್ರ ಬೇರೆ ಚಂದಾ ಇದೆ. 2025ರ ಸೀಸನ್ ಪೂರ್ತಿ ಅದನ್ನೇ ಕೇಳಿದೆ. ಇಷ್ಟು ಒಳ್ಳೆಯದನ್ನು ಇಷ್ಟು ವರ್ಷ ಯಾಕೆ ಬಿಟ್ಟಿದ್ದೆ ಅಂತ ಈಗ ಅನಿಸುತ್ತಿದೆ.

ಚಿಕ್ಕಮಗಳೂರಿನವಳಿಗೆ ಬೇಸ್‌ಬಾಲ್ ಎಲ್ಲಿಂದ ಅಂಟಿಕೊಂಡಿತು ಅಂತ ಎಲ್ಲರೂ ಕೇಳುತ್ತಾರೆ. ಹೈಸ್ಕೂಲಿನಲ್ಲಿ ನಮ್ಮ ಪಿ.ಟಿ. ಮೇಷ್ಟ್ರು ಹುಡುಗಿಯರಿಗೆ ಸಾಫ್ಟ್‌ಬಾಲ್ ಕಲಿಸಿದ್ದರು. ನಾನು ಕ್ಯಾಚರ್, ಅಂದರೆ ಬ್ಯಾಟು ಹಿಡಿದವರ ಹಿಂದೆ ಕೂತು ಚೆಂಡು ಹಿಡಿಯುವವಳು. 1996ರ ದಸರಾ ರಜೆಯಲ್ಲಿ ಬಸವನಹಳ್ಳಿಯ ಸೋದರಮಾವನ ಮನೆಗೆ ಹೋಗಿದ್ದೆ. ಅವರಿಗೆ ಹೊಸದಾಗಿ ಕೇಬಲ್ ಬಂದಿತ್ತು. ಬೆಳಗ್ಗೆ ಎದ್ದು ಟೀವಿ ಹಾಕಿದರೆ ಅಮೆರಿಕದ ಬೇಸ್‌ಬಾಲ್ ಫೈನಲ್ ಸರಣಿಯಾದ ವರ್ಲ್ಡ್ ಸೀರೀಸ್‌ನ ನಾಲ್ಕನೇ ಆಟ. ಅಟ್ಲಾಂಟಾ 6, ನ್ಯೂಯಾರ್ಕಿನ ಯಾಂಕೀಸ್ 0. ಆ ಯಾಂಕೀಸ್ ಆರನೇ ಇನಿಂಗ್ಸ್‌ನಲ್ಲಿ ಮೂರು ರನ್ ತೆಗೆದರು. ಎಂಟನೇ ಇನಿಂಗ್ಸ್‌ನಲ್ಲಿ ಅವರ ಜಿಮ್ ಲೇರಿಟ್ಸ್ ಚೆಂಡನ್ನು ಬೇಲಿಯಾಚೆ ಕಳಿಸಿ, ಮೂರು ರನ್ನಿನ ಹೋಮ್ ರನ್ ಹೊಡೆದು ಸಮ ಮಾಡಿದ. ಅವನೂ ಕ್ಯಾಚರ್! ಒಂಬತ್ತು ಇನಿಂಗ್ಸ್ ಮುಗಿದಾಗ ಸಮ ಇದ್ದರೆ ಆಟ ಮುಂದುವರಿಯುತ್ತದೆ. ಹತ್ತನೇ ಇನಿಂಗ್ಸ್‌ನಲ್ಲಿ 8-6ಕ್ಕೆ ಗೆದ್ದರು, ಆಮೇಲೆ ಸರಣಿಯನ್ನೂ ಗೆದ್ದರು. ಅವತ್ತು ಹಿಡಿದ ಹುಚ್ಚು ಇವತ್ತಿಗೂ ಬಿಟ್ಟಿಲ್ಲ.

ಈಗ ಚಂದಾದ ವಿಷಯ. ವಿಡಿಯೋ ಚಂದಾಕ್ಕಿಂತ ಇದು ತುಂಬಾ ಅಗ್ಗ. ಪ್ರತಿ ಆಟಕ್ಕೂ ಎರಡೂ ಟೀಮಿನ ಊರಿನ ರೇಡಿಯೋ ಇರುತ್ತದೆ, ಯಾವುದು ಬೇಕೋ ಒತ್ತಿಕೊಳ್ಳಬಹುದು. ಫೋನಿನ ಸ್ಕ್ರೀನ್ ಆರಿಸಿ ಜೇಬಿಗೆ ಹಾಕಿದರೂ ಓಡುತ್ತಿರುತ್ತದೆ. ಡೇಟಾ ಖರ್ಚು ಕಡಿಮೆ. ಎಸೆದ ಪ್ರತಿ ಚೆಂಡು ಎಲ್ಲಿಗೆ ಬಿತ್ತು, ಎಷ್ಟು ವೇಗ, ಯಾವ ಬಗೆ ಅಂತ ಚಿತ್ರದಲ್ಲಿ ತೋರಿಸುವ ಗೇಮ್‌ಡೇ ಪುಟ ಹೇಗೂ ಪುಕ್ಕಟೆ. ಒಂದು ಮಾತು: ಹಣ ಕಟ್ಟುವ ಮೊದಲು ನಿಮ್ಮ ಕಾರ್ಡಿನಲ್ಲಿ ಇಂಟರ್‌ನ್ಯಾಷನಲ್ ಪೇಮೆಂಟ್ ಆನ್ ಇದೆಯಾ ನೋಡಿಕೊಳ್ಳಿ. ನನ್ನದು ಎರಡು ಸಲ ಫೇಲ್ ಆಗಿ, ಬ್ಯಾಂಕಿನ ಆ್ಯಪ್‌ನಲ್ಲಿ ಆನ್ ಮಾಡಿದ ಮೇಲೆ ಸರಿಹೋಯಿತು.

ಕೇಳುವಾಗ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕಾಮೆಂಟರಿ ನಡುವಿನ ಮೌನ. ಹೇಳುವವರು ಒಂದು ಕ್ಷಣ ಸುಮ್ಮನಾಗುತ್ತಾರೆ. ಜನರ ಗುಜುಗುಜು ಕೇಳುತ್ತದೆ. ಆಮೇಲೆ ಚೆಂಡು ಗ್ಲೌಸಿಗೆ ಬಿದ್ದ ಸದ್ದು, ಥಪ್. ಕ್ಯಾಚರ್ ಆಗಿದ್ದವರಿಗೆ ಆ ಸದ್ದು ಅಂಗೈಯಲ್ಲೇ ಕೇಳಿಸುತ್ತದೆ. ಸರಿಯಾಗಿ ನಡುವೆ ಹಿಡಿದರೆ ಒಂದು ಸದ್ದು, ಬೆರಳಿನ ಕಡೆ ಹಿಡಿದರೆ ಬೇರೆ ಸದ್ದು. ಟೀವಿಯಲ್ಲಿ ಇದನ್ನು ನಾನು ಯಾವತ್ತೂ ಗಮನಿಸಿರಲಿಲ್ಲ. ವರ್ಲ್ಡ್ ಸೀರೀಸ್ ಮೊದಲ ಸಲ ರೇಡಿಯೋದಲ್ಲಿ ಬಂದದ್ದು 1921ರಲ್ಲಂತೆ, ಯಾಂಕೀಸ್ ಮತ್ತು ಜೈಂಟ್ಸ್ ಆಡಿದಾಗ. ನೂರು ವರ್ಷದಿಂದ ಜನ ಹೀಗೇ ಕಿವಿಯಲ್ಲಿ ಆಟ ನೋಡುತ್ತಿದ್ದಾರೆ.

ಪೋಸ್ಟ್‌ಸೀಸನ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ: 30 ಟೀಮು ತಲಾ 162 ಆಟ ಆಡಿ, ಕೊನೆಗೆ 12 ಟೀಮು ಉಳಿಯುತ್ತವೆ. ಅಕ್ಟೋಬರ್ ಪೂರ್ತಿ ಅವುಗಳ ಹೋರಾಟ. ಕೊನೆಯ ಇಬ್ಬರಿಗೆ ಏಳು ಆಟದ ವರ್ಲ್ಡ್ ಸೀರೀಸ್, ನಾಲ್ಕು ಗೆದ್ದವರು ಚಾಂಪಿಯನ್. ನಮಗೆ ಅನುಕೂಲವೆಂದರೆ ಅಲ್ಲಿನ ರಾತ್ರಿ ಆಟ ಇಲ್ಲಿ ಬೆಳಗ್ಗೆ ಐದೂವರೆಗೆ. ನಾನು ಏಳುವುದೂ ಆ ಹೊತ್ತಿಗೇ.

ಅಕ್ಟೋಬರ್ 28ರ ಬೆಳಗಿನ ಕತೆ ಹೇಳಲೇಬೇಕು. ಲಾಸ್ ಏಂಜಲೀಸ್‌ನಲ್ಲಿ ಡಾಡ್ಜರ್ಸ್ ಮತ್ತು ಟೊರಾಂಟೊ ಬ್ಲೂ ಜೇಸ್ ನಡುವೆ ವರ್ಲ್ಡ್ ಸೀರೀಸ್‌ನ ಮೂರನೇ ಆಟ. ಇಯರ್‌ಫೋನ್ ಹಾಕಿಕೊಂಡು ಕಡುಬಿಗೆ ನೀರಿಟ್ಟೆ. ತಿಂಡಿ ಆಯಿತು. ಏಳನೇ ಇನಿಂಗ್ಸ್‌ಗೆ 5-5 ಆಯಿತು. ಒಂಬತ್ತು ಮುಗಿದರೂ ಅಷ್ಟೇ. ಕೆಲಸದವರಿಗೆ ಕಾಫಿ ಕೊಟ್ಟು ಬಂದೆ, ಇನ್ನೂ 5-5. ಹನ್ನೆರಡರಲ್ಲಿ, ರನ್ನಿಗೆ ಓಡುವ ದಾರಿಯ ಮೂರೂ ಬೇಸ್‌ಗಳಲ್ಲಿ ಟೊರಾಂಟೊದವರು ನಿಂತಿದ್ದಾಗ, ನಿವೃತ್ತಿಗೆ ನಿಂತಿದ್ದ ಡಾಡ್ಜರ್ಸ್ ಪಿಚರ್ ಕ್ಲೇಟನ್ ಕರ್ಶಾ ಬಂದು ಒಂದೇ ಒಂದು ಔಟ್ ತೆಗೆದುಕೊಟ್ಟು ಹೋದರು. ಸಾರಿಗೆ ಬೇಳೆ ಹಾಕುತ್ತಿದ್ದವಳು ಸೌಟು ಹಿಡಿದು ನಿಂತುಬಿಟ್ಟೆ. ಡಾಡ್ಜರ್ಸ್‌ನ ಒಟಾನಿ ಅವತ್ತು ಒಂಬತ್ತು ಸಲ ಬೇಸ್ ತಲುಪಿದರು. ಎರಡು ಹೋಮ್ ರನ್, ಎರಡು ಡಬಲ್ (ಎರಡನೇ ಬೇಸ್‌ವರೆಗೆ ತಲುಪಿಸುವ ಹೊಡೆತ), ಐದು ವಾಕ್ (ಹೊಡೆಯದೆಯೇ ಸಿಗುವ ಮೊದಲ ಬೇಸ್). ಡಾಡ್ಜರ್ಸ್‌ಗೆ ಕೊನೆಗೆ ಉಳಿದ ಪಿಚರ್ ವಿಲ್ ಕ್ಲೈನ್ ನಾಲ್ಕು ಇನಿಂಗ್ಸ್ ರನ್ ಕೊಡದೆ ಎಳೆದರು. 18ನೇ ಇನಿಂಗ್ಸ್‌ನಲ್ಲಿ ಫ್ರೆಡ್ಡಿ ಫ್ರೀಮನ್ ಹೋಮ್ ರನ್ ಹೊಡೆದು ಡಾಡ್ಜರ್ಸ್ ಗೆಲ್ಲಿಸಿದಾಗ ನಮ್ಮಲ್ಲಿ ಹನ್ನೆರಡು ಗಂಟೆ ದಾಟಿತ್ತು. ಆಟ ನಡೆದದ್ದು 6 ಗಂಟೆ 39 ನಿಮಿಷ! ಡಾಡ್ಜರ್ಸ್ ಕ್ಯಾಚರ್ ವಿಲ್ ಸ್ಮಿತ್ ಹದಿನೆಂಟೂ ಇನಿಂಗ್ಸ್ ಕುಕ್ಕರುಗಾಲಲ್ಲಿ ಕೂತು ಚೆಂಡು ಹಿಡಿದರು. ಏಳು ಇನಿಂಗ್ಸ್‌ಗೇ ನನ್ನ ಮಂಡಿ ಹಿಡಿದುಕೊಳ್ಳುತ್ತಿತ್ತು. ಆ ಕಷ್ಟ ನನಗೆ ಗೊತ್ತು.

ನಮ್ಮ ಮಾವನಿಗೆ 78. ರೇಡಿಯೋದಲ್ಲಿ ಕ್ರಿಕೆಟ್ ಕೇಳಿ ಬೆಳೆದವರು. ಅವತ್ತು ಜಗಲಿಯಿಂದ ಮೂರು ಸಲ ಕೂಗಿ ಕೇಳಿದರು, "ಏನಮ್ಮಾ, ಇನ್ನೂ ಮುಗಿಲಿಲ್ವಾ?" ಮಾರನೇ ದಿನದಿಂದ ಅವರಿಗೆ ಒಂದು ಕಡೆಯ ಇಯರ್‌ಫೋನ್ ಕೊಟ್ಟೆ. ಇಂಗ್ಲಿಷ್ ಅಷ್ಟು ಹಿಡಿಯುವುದಿಲ್ಲ, ಆದರೆ ಜನ ಕೂಗಿದ ರೀತಿಯಲ್ಲೇ ಏನಾಯಿತು ಅಂತ ಹೇಳುತ್ತಾರೆ. ಯಾಂಕೀಸ್ 27 ಸಲ ಗೆದ್ದಿದ್ದಾರೆ ಮಾವ ಅಂದರೆ, "ಹಂಗಾದ್ರೆ ಅವರು ಬಾಂಬೆ ಟೀಮು" ಅಂದರು. ಎಷ್ಟು ಸರಿಯಾದ ಮಾತು ಅಲ್ವಾ? ಸತತ 15 ವರ್ಷ ರಣಜಿ ಗೆದ್ದಿದ್ದ ಬಾಂಬೆಯನ್ನು 1974ರ ಸೆಮಿಫೈನಲ್‌ನಲ್ಲಿ ಕರ್ನಾಟಕ ತಡೆದದ್ದನ್ನು ಅವರು ಇವತ್ತಿಗೂ ನಿನ್ನೆಯ ಹಾಗೆ ಹೇಳುತ್ತಾರೆ. ನಾನು ಬದಲಿಗೆ 2004ರ ಬಾಸ್ಟನ್ ಕತೆ ಹೇಳಿದೆ. ಯಾಂಕೀಸ್ ಎದುರು ಸರಣಿಯಲ್ಲಿ 0-3 ಹಿಂದೆ. ನಾಲ್ಕನೇ ಆಟದ ಒಂಬತ್ತನೇ ಇನಿಂಗ್ಸ್, ಸೋತರೆ ಮನೆಗೆ. ಡೇವ್ ರಾಬರ್ಟ್ಸ್ ಎಂಬ ಓಟಗಾರ ಎರಡನೇ ಬೇಸ್ ಕದ್ದ, ಅಂದರೆ ಯಾರೂ ಚೆಂಡು ಹೊಡೆಯದೆಯೇ ಓಡಿ ತಲುಪಿದ. ಅಲ್ಲಿಂದ ಬಾಸ್ಟನ್ ಸೋಲಲೇ ಇಲ್ಲ. 86 ವರ್ಷದ ಮೇಲೆ ಚಾಂಪಿಯನ್ ಆದರು. ಅದೇ ರಾಬರ್ಟ್ಸ್ ಈಗ ಡಾಡ್ಜರ್ಸ್ ಮ್ಯಾನೇಜರ್ ಅಂದಾಗ ಮಾವ ಇಯರ್‌ಫೋನ್ ಇನ್ನಷ್ಟು ಒತ್ತಿಕೊಂಡರು.

ಇಂಥ ಹಳೆಯ ಆಟಗಳು ಬೇಕಾದರೆ ಮೇಜರ್ ಲೀಗ್‌ನವರ ಯೂಟ್ಯೂಬ್ ಚಾನೆಲ್‌ಗಳಲ್ಲಿ ಎಷ್ಟೋ ಪೂರ್ತಿ ಆಟಗಳೇ ಇವೆ. ಪೇಟೆಗೆ ಹೋದಾಗ ತಮ್ಮನ ಮನೆ ವೈಫೈನಲ್ಲಿ ನೋಡುತ್ತೇನೆ.

ಏಳನೇ ಆಟ ನಮಗೆ ರಾಜ್ಯೋತ್ಸವದ ಮಾರನೇ ದಿನ, ಭಾನುವಾರ. ನಾನು ಟೊರಾಂಟೊ ಪರ. 1993ರಲ್ಲಿ ಜೋ ಕಾರ್ಟರ್ ಹೋಮ್ ರನ್ ಹೊಡೆದು ಗೆಲ್ಲಿಸಿದ ಮೇಲೆ ಅವರಿಗೆ ಚಾಂಪಿಯನ್ ಪಟ್ಟ ಮತ್ತೆ ಸಿಕ್ಕಿಲ್ಲ. ಅದಕ್ಕೇ ಟೊರಾಂಟೊ ರೇಡಿಯೋ ಹಾಕಿಕೊಂಡಿದ್ದೆ. ಒಂಬತ್ತನೇ ಇನಿಂಗ್ಸ್‌ನಲ್ಲಿ 4-3 ಮುಂದೆ, ಇನ್ನು ಎರಡೇ ಔಟ್. ಅಷ್ಟರಲ್ಲಿ ಸಿಗ್ನಲ್ ಹೋಯಿತು. ಇದು ಆ್ಯಪ್‌ನ ತಪ್ಪಲ್ಲ, ನಮ್ಮ ಕಡೆ ಟವರ್ ಹೀಗೇ. ಚಪ್ಪಲಿ ಸಿಕ್ಕಿಸಿಕೊಂಡು ದಿಬ್ಬಕ್ಕೆ ಓಡಿದೆ. ಮಂಜಿಗೆ ಕಾಫಿ ಗಿಡ ಒದ್ದೆ, ಸೀರೆ ಮಂಡಿವರೆಗೆ ನೆಂದಿತು. ಟ್ಯಾಂಕಿಗೆ ಒರಗಿ ನಿಂತಾಗ ಮತ್ತೆ ಧ್ವನಿ ಬಂತು. ಅಷ್ಟು ಹೊತ್ತು ಕೂಗುತ್ತಿದ್ದ ಟೊರಾಂಟೊದ ಇಡೀ ಸ್ಟೇಡಿಯಂ ತಣ್ಣಗಾಗಿತ್ತು. ಸ್ಕೋರ್ ಹೇಳುವ ಮೊದಲೇ ಗೊತ್ತಾಯಿತು. ಡಾಡ್ಜರ್ಸ್‌ನ ಮಿಗೆಲ್ ರೋಹಾಸ್ ಹೋಮ್ ರನ್ ಹೊಡೆದು 4-4 ಮಾಡಿದ್ದರು.

ಹನ್ನೊಂದನೇ ಇನಿಂಗ್ಸ್‌ನಲ್ಲಿ ಸ್ಮಿತ್ ಹೋಮ್ ರನ್, 5-4. ಹಿಂದಿನ ದಿನ 96 ಚೆಂಡು ಎಸೆದಿದ್ದ ಡಾಡ್ಜರ್ಸ್ ಪಿಚರ್ ಯಮಮೊಟೊ ಮತ್ತೆ ಬಂದು ಕೊನೆಯವರೆಗೂ ಎಸೆದರು. ಟೊರಾಂಟೊದ ಗೆರೆರೊ ಡಬಲ್ ಹೊಡೆದಾಗ ನನಗೆ ಆಸೆ ಚಿಗುರಿತು. ಕೊನೆಗೆ ಟೊರಾಂಟೊ ಕ್ಯಾಚರ್ ಕರ್ಕ್ ಬ್ಯಾಟು ಮುರಿದು ಚೆಂಡು ನೆಲಕ್ಕೆ, ಡಬಲ್ ಪ್ಲೇ, ಅಂದರೆ ಒಂದೇ ಏಟಿಗೆ ಇಬ್ಬರು ಔಟ್, ಮುಗಿಯಿತು. ದಿಬ್ಬದ ಮೇಲೆ ಸ್ವಲ್ಪ ಅತ್ತೆ. ಆದರೂ ಕಾಮೆಂಟರಿ ಆರಿಸಲು ಮನಸ್ಸಾಗಲಿಲ್ಲ. ಸೋತ ಊರಿನ ರೇಡಿಯೋದವರು ಆ ಸೀಸನ್ ಬಗ್ಗೆ ಎಷ್ಟು ಪ್ರೀತಿಯಿಂದ ಮಾತಾಡಿದರು ಅಂದರೆ, ನನ್ನ ಜೊತೆ ಕೂತು ಮಾತಾಡಿದ ಹಾಗಿತ್ತು.

ನೆಟ್‌ವರ್ಕ್ ಚೆನ್ನಾಗಿರುವ ಪೇಟೆಯವರು ವಿಡಿಯೋ ತಗೊಳ್ಳಿ, ಬೇಡ ಅನ್ನುವುದಿಲ್ಲ. ಮಲೆನಾಡಿನ ಒಳಗಿರುವವರಿಗೆ, ಕೈಯಲ್ಲಿ ಕೆಲಸ ಇಟ್ಟುಕೊಂಡೇ ಆಟ ಬೇಕು ಅನ್ನುವವರಿಗೆ ಆಡಿಯೋನೇ ಸರಿ. ಬೇರೆ ಸ್ಕೋರ್ ಆ್ಯಪ್‌ಗಳ ನೋಟಿಫಿಕೇಶನ್ ಮಾತ್ರ ಆಫ್ ಮಾಡಿಡಿ, ಇಲ್ಲದಿದ್ದರೆ ಕಾಮೆಂಟರಿಗಿಂತ ಮೊದಲೇ ಫೋನು ಟಣ್ ಅನ್ನುತ್ತದೆ. ಮಾರ್ಚ್ ಕೊನೆಗೆ ಹೊಸ ಸೀಸನ್. ಮಾವನಿಗೆ ಅಂತ ಒಂದು ಚಿಕ್ಕ ಸ್ಪೀಕರ್ ತಂದಿಟ್ಟಿದ್ದೇನೆ. ಅಡುಗೆ ಮನೆ ಕಿಟಕಿಯಲ್ಲಿಟ್ಟರೆ ಜಗಲಿಗೂ ಕೇಳುತ್ತದೆ.