ಮರ ನೆಟ್ಟರೆ ಎಷ್ಟು ಡಿಗ್ರಿ ಇಳಿಯುತ್ತದೆ? ಎನ್-ರೋಡ್ಸ್ ಸಿಮ್ಯುಲೇಟರ್ ವಿಮರ್ಶೆ

ಹವಾಮಾನ ಬದಲಾವಣೆಯ ಚರ್ಚೆ ಎಲ್ಲೇ ನಡೆಯಲಿ, ಪರಿಹಾರಗಳ ಪಟ್ಟಿ ಹೆಚ್ಚುಕಡಿಮೆ ಒಂದೇ. ಗಿಡ ನೆಡಿ, ಸೋಲಾರ್ ಹಾಕಿಸಿ, ಎಲೆಕ್ಟ್ರಿಕ್ ಗಾಡಿ ಕೊಳ್ಳಿ, ಜನಸಂಖ್ಯೆ ತಗ್ಗಿಸಿ, ಅಣುವಿದ್ಯುತ್ ತನ್ನಿ. ಇವುಗಳಲ್ಲಿ ಯಾವುದರಿಂದ ಎಷ್ಟು ಲಾಭ ಎಂದು ಕೇಳಿದರೆ ಮಾತ್ರ ಮಾತು ನಿಂತುಹೋಗುತ್ತದೆ. ಎನ್-ರೋಡ್ಸ್ ಹುಟ್ಟಿರುವುದೇ ಆ ಪ್ರಶ್ನೆಗಾಗಿ. ಕ್ಲೈಮೇಟ್ ಇಂಟರಾಕ್ಟಿವ್ ಎಂಬ ಲಾಭರಹಿತ ಸಂಸ್ಥೆ, ವೆಂಟಾನಾ ಸಿಸ್ಟಮ್ಸ್ ಮತ್ತು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸ್ಲೋನ್ ಮ್ಯಾನೇಜ್‌ಮೆಂಟ್ ಶಾಲೆ ಸೇರಿ ಕಟ್ಟಿದ ಈ ಸಿಮ್ಯುಲೇಟರ್ (ಇಂಥ ಕ್ರಮ ಕೈಗೊಂಡರೆ ಮುಂದೇನಾಗುತ್ತದೆ ಎಂದು ಲೆಕ್ಕ ಹಾಕಿ ತೋರಿಸುವ ಕಂಪ್ಯೂಟರ್ ಮಾದರಿ) ಬ್ರೌಸರಿನಲ್ಲೇ ನಡೆಯುತ್ತದೆ, ಪೂರ್ತಿ ಉಚಿತ. ಪುಟ ಒಮ್ಮೆ ಲೋಡ್ ಆದರೆ ಲೆಕ್ಕವೆಲ್ಲ ನಮ್ಮ ಯಂತ್ರದಲ್ಲೇ ಆಗುವುದರಿಂದ ನೆಟ್ ನಿಧಾನವಿದ್ದರೂ ತೊಂದರೆಯಿಲ್ಲ. ಸಾಧಾರಣ ಲ್ಯಾಪ್‌ಟಾಪ್ ಸಾಕು. ಮೊಬೈಲಿನಲ್ಲೂ ತೆರೆಯುತ್ತದೆ, ಆದರೆ ಎರಡು ಗ್ರಾಫ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡದಿದ್ದರೆ ಇದರ ಅರ್ಧ ಪ್ರಯೋಜನ ಹೋದಂತೆ.

ತೆರೆದ ಕೂಡಲೇ ಎಡಗಡೆ ಜಗತ್ತಿನ ಶಕ್ತಿಮೂಲಗಳ ಗ್ರಾಫ್, ಬಲಗಡೆ ಹಸಿರುಮನೆ ಅನಿಲಗಳ ಹೊರಸೂಸುವಿಕೆಯ ಗ್ರಾಫ್, ಮೂಲೆಯಲ್ಲಿ ದೊಡ್ಡಕ್ಷರದಲ್ಲಿ 2100ರ ತಾಪಮಾನ ಏರಿಕೆ ಕಾಣುತ್ತದೆ. ಕೆಳಗೆ ಎಡಬಲಕ್ಕೆ ಎಳೆಯಬಹುದಾದ ಹದಿನೆಂಟರ ಆಸುಪಾಸು ಸ್ಲೈಡರ್‌ಗಳಿವೆ: ಕಲ್ಲಿದ್ದಲು, ತೈಲ, ಅನಿಲ, ನವೀಕರಿಸಬಹುದಾದ ಶಕ್ತಿ, ಅಣುಶಕ್ತಿ, ಇಂಗಾಲದ ಬೆಲೆ (ಬಿಡುವ ಪ್ರತಿ ಟನ್ ಇಂಗಾಲದ ಡೈಆಕ್ಸೈಡಿಗೆ ತೆರಬೇಕಾದ ಶುಲ್ಕ), ಸಾರಿಗೆ, ಕಟ್ಟಡ ಮತ್ತು ಕೈಗಾರಿಕೆ, ಜನಸಂಖ್ಯೆ, ಆರ್ಥಿಕ ಬೆಳವಣಿಗೆ, ಕೃಷಿ, ತ್ಯಾಜ್ಯ, ಕಾಡು ಇತ್ಯಾದಿ. ಯಾವುದನ್ನು ಎಳೆದರೂ ಕಣ್ಣು ಮಿಟುಕಿಸುವುದರೊಳಗೆ ಗ್ರಾಫ್ ಬದಲಾಗುತ್ತದೆ. ಒಂದೊಂದು ಸ್ಲೈಡರಿನ ಪಕ್ಕದ ಮೂರು ಚುಕ್ಕಿ ಒತ್ತಿದರೆ ಒಳಗಿನ ಸೂಕ್ಷ್ಮ ಆಯ್ಕೆಗಳು ತೆರೆದುಕೊಳ್ಳುತ್ತವೆ. ಈ ಸಾಧನದ ನಿಜವಾದ ಶಕ್ತಿ ಇರುವುದು ಅಲ್ಲಿ. ಹೊಸಬರು ಬಹುಮಟ್ಟಿಗೆ ಅದನ್ನು ತೆರೆಯುವುದೇ ಇಲ್ಲ.

ಮೊದಲು ಮಾಡಬೇಕಾದ ಕೆಲಸ ಒಂದಿದೆ. ಬಲಗಡೆಯ ಗ್ರಾಫನ್ನು ತಾಪಮಾನಕ್ಕೆ ಬದಲಿಸಿ ಕೂರಬೇಡಿ. ತಾಪಮಾನದ ಗೆರೆ ಅತಿ ನಿಧಾನವಾಗಿ ಅಲುಗಾಡುತ್ತದೆ, ನೋಡುವವರಿಗೆ ಏನೂ ಆಗುತ್ತಿಲ್ಲ ಅನ್ನಿಸಿಬಿಡುತ್ತದೆ. ಹೊರಸೂಸುವಿಕೆಯನ್ನು ಒಂದು ಕಡೆ, ವಾತಾವರಣದಲ್ಲಿರುವ ಇಂಗಾಲದ ಡೈಆಕ್ಸೈಡ್ ಪ್ರಮಾಣವನ್ನು ಇನ್ನೊಂದು ಕಡೆ ಇಡಿ. ಹೊರಸೂಸುವಿಕೆ ಮಟ್ಟಸವಾಗಿ ನಿಂತರೂ ಪ್ರಮಾಣ ಏರುತ್ತಲೇ ಹೋಗುವುದು ಆಗ ಕಾಣುತ್ತದೆ. ತೊಟ್ಟಿಯ ನಲ್ಲಿಯಿಂದ ಬೀಳುವ ನೀರು ತೂಬಿನಿಂದ ಹೋಗುವ ನೀರಿಗಿಂತ ಹೆಚ್ಚಿರುವವರೆಗೆ ಮಟ್ಟ ಏರಲೇಬೇಕು. ಮನುಷ್ಯರು ವರ್ಷಕ್ಕೆ ಬಿಡುವ ಇಂಗಾಲದ ಡೈಆಕ್ಸೈಡ್ ಸುಮಾರು 4,000 ಕೋಟಿ ಟನ್. ಸಾಗರ, ಕಾಡು, ಮಣ್ಣು ಸೇರಿ ಹೀರಿಕೊಳ್ಳುವುದು ಅದರ ಅರ್ಧದಷ್ಟು. ‘ಹೊರಸೂಸುವಿಕೆ ಹೆಚ್ಚಾಗದಂತೆ ತಡೆದರೆ ಸಾಕು’ ಎಂಬ ಮಾತು ಏಕೆ ತಪ್ಪು ಎಂದು ತಿಳಿಸಲು ಇದಕ್ಕಿಂತ ಚೆನ್ನಾದ ಚಿತ್ರ ಬೇರೆಲ್ಲೂ ಸಿಗದು.

ಈಗ ಗಿಡ ನೆಡುವ ವಿಷಯಕ್ಕೆ ಬರೋಣ. ಕಾಡು ಬೆಳೆಸುವ ಸ್ಲೈಡರನ್ನು ಬಲತುದಿಗೆ ಎಳೆದರೂ 2100ರ ತಾಪಮಾನ ಇಳಿಯುವುದು ಡಿಗ್ರಿಯ ದಶಾಂಶಗಳಲ್ಲಿ ಮಾತ್ರ. ನೋಡಿದವರಿಗೆ ನಿರಾಸೆಯಾಗುತ್ತದೆ, ಕೆಲವರು ಸಾಧನವೇ ಕೆಟ್ಟಿದೆ ಎನ್ನುತ್ತಾರೆ. ಕಾರಣ ಸರಳ. ಸಸಿ ಮರವಾಗಿ ಗಣನೀಯ ಇಂಗಾಲ ಹಿಡಿಯಲು ದಶಕಗಳು ಬೇಕು. ಅಷ್ಟರಲ್ಲಿ ಕಲ್ಲಿದ್ದಲು, ತೈಲ ಉರಿಯುತ್ತಲೇ ಇರುತ್ತವೆ. ಜಾಗವೂ ಬೇಕು: ಗ್ರಾಫ್ ಪಟ್ಟಿಯಲ್ಲಿ ಭೂಬಳಕೆಯದನ್ನು ತೆರೆದರೆ ಕೋಟಿಗಟ್ಟಲೆ ಹೆಕ್ಟೇರಿನ ಲೆಕ್ಕ ಬರುತ್ತದೆ. ಇಡೀ ಭಾರತದ ವಿಸ್ತೀರ್ಣ ಸುಮಾರು 32.87 ಕೋಟಿ ಹೆಕ್ಟೇರ್, ಕರ್ನಾಟಕದ್ದು 1.92 ಕೋಟಿ ಹೆಕ್ಟೇರ್ ಎಂಬುದನ್ನು ಪಕ್ಕದಲ್ಲಿಟ್ಟುಕೊಂಡು ಆ ಅಂಕಿ ಓದಿ. ಇರುವ ಕಾಡು ಕಡಿಯದಿರುವುದಕ್ಕೆ ಬೇರೆಯೇ ಸ್ಲೈಡರ್ ಇದೆ, ಅದರ ಫಲ ತಕ್ಷಣದಿಂದ ಶುರುವಾಗುತ್ತದೆ. ಎರಡನ್ನೂ ‘ಮರ’ ಎಂಬ ಒಂದೇ ಚೀಲಕ್ಕೆ ತುಂಬದೆ ಬೇರ್ಪಡಿಸಿದ್ದು ಈ ಸಾಧನ ಮಾಡಿದ ದೊಡ್ಡ ಉಪಕಾರ. ಪಶ್ಚಿಮ ಘಟ್ಟದ ಹಳೆಯ ಕಾಡು ಕಡಿದು ಬೇರೆಲ್ಲೋ ಅಕೇಶಿಯಾ ನೆಟ್ಟು ಸರಿದೂಗಿಸುತ್ತೇವೆ ಎನ್ನುವ ಲೆಕ್ಕ ಏಕೆ ನಿಲ್ಲುವುದಿಲ್ಲ ಎಂಬುದಕ್ಕೆ ಇಲ್ಲಿ ಉತ್ತರವಿದೆ.

ಜನಸಂಖ್ಯೆಯ ಸ್ಲೈಡರ್ ಕೂಡ ಇಂಥದ್ದೇ ಪಾಠ ಹೇಳುತ್ತದೆ. ಎಡಕ್ಕೆ ಎಳೆದರೆ ಸ್ವಲ್ಪ ಇಳಿಕೆಯಿದೆ, ಆದರೆ ಅದು ಮುಖ್ಯವಾಗಿ ಶತಮಾನದ ಎರಡನೇ ಅರ್ಧದಲ್ಲಿ. ಭಾರತದ ಒಟ್ಟು ಫಲವತ್ತತೆ ದರ (ಒಬ್ಬ ಮಹಿಳೆಗೆ ಸರಾಸರಿ ಎಷ್ಟು ಮಕ್ಕಳು ಎಂಬ ಅಂಕಿ) 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೇ 2.0ಕ್ಕೆ, ಕರ್ನಾಟಕದ್ದು 1.7ಕ್ಕೆ ಇಳಿದಿತ್ತು. ಇಲ್ಲಿ ಇನ್ನೂ ಎಳೆಯಲು ಉಳಿದಿರುವುದು ಕಡಿಮೆ. ಪಕ್ಕದ ಆರ್ಥಿಕ ಬೆಳವಣಿಗೆಯ ಸ್ಲೈಡರನ್ನು ಅಲ್ಲಾಡಿಸಿ ನೋಡಿದರೆ ಎಷ್ಟು ಜನ ಎಂಬುದಕ್ಕಿಂತ ತಲೆಗೆ ಎಷ್ಟು ಬಳಕೆ ಎಂಬುದು ಎಷ್ಟು ಭಾರದ ಪ್ರಶ್ನೆ ಎಂದು ತಿಳಿಯುತ್ತದೆ.

ನೀತಿಯ ದೃಷ್ಟಿಯಿಂದ ಅತಿ ಹೆಚ್ಚು ಸಮಯ ಕೊಡಬೇಕಾದ್ದು ಕಲ್ಲಿದ್ದಲು ಮತ್ತು ಇಂಗಾಲದ ಬೆಲೆಗೆ. ಮೊದಲು ನವೀಕರಿಸಬಹುದಾದ ಶಕ್ತಿಯ ಸ್ಲೈಡರನ್ನಷ್ಟೇ ಸಬ್ಸಿಡಿಯ ತುದಿಗೆ ಎಳೆಯಿರಿ. ಗ್ರಾಫಿನಲ್ಲಿ ಅದರ ಹಸಿರು ಪಟ್ಟಿ ಅಗಲವಾಗುತ್ತದೆ, ಕಲ್ಲಿದ್ದಲು ಕುಗ್ಗುತ್ತದೆ, ಆದರೆ ನಿರೀಕ್ಷಿಸಿದಷ್ಟಲ್ಲ. ವಿದ್ಯುತ್ ಅಗ್ಗವಾದಾಗ ಬೇಡಿಕೆ ಹೆಚ್ಚುತ್ತದೆ, ಜತೆಗೆ ಈಗಾಗಲೇ ಕಟ್ಟಿರುವ ಸ್ಥಾವರಗಳು ಅಷ್ಟು ಬೇಗ ಬಾಗಿಲು ಹಾಕುವುದಿಲ್ಲ. ರಾಯಚೂರು ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ ಶುರುವಾದದ್ದು 1985ರಲ್ಲಿ. 40 ವರ್ಷ ಕಳೆದರೂ ಕೇಂದ್ರ ಮುಚ್ಚಿಲ್ಲ. ಅದೇ ಜಿಲ್ಲೆಯ ಯರಮರಸ್‌ನಲ್ಲಿ ತಲಾ 800 ಮೆಗಾವ್ಯಾಟಿನ ಎರಡು ಘಟಕಗಳು ಬಂದದ್ದು ಕಳೆದ ದಶಕದಲ್ಲಿ. ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಬಂದ ಮಾತ್ರಕ್ಕೆ ಅವು ನಿಲ್ಲುವುದಿಲ್ಲ. ಜಗತ್ತಿನ ಮಟ್ಟದಲ್ಲಿ ಈ ಜಡತ್ವವನ್ನು ಎನ್-ರೋಡ್ಸ್ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಆದ್ದರಿಂದಲೇ ಅದರ ಉತ್ತರಗಳು ಭಾಷಣಗಳ ಉತ್ತರಗಳಿಗಿಂತ ಕಹಿಯಾಗಿರುತ್ತವೆ.

ಇನ್ನು ಕಲ್ಲಿದ್ದಲಿನ ಮೇಲಷ್ಟೇ ತೆರಿಗೆ ಹಾಕಿ ನೋಡಿ. ಕಲ್ಲಿದ್ದಲು ಕುಸಿಯುತ್ತದೆ, ಆದರೆ ಅದರ ಜಾಗದ ಒಂದು ಪಾಲನ್ನು ನೈಸರ್ಗಿಕ ಅನಿಲ ತುಂಬುತ್ತದೆ. ಈಗ ‘ಕೊನೆಯ ಬದಲಾವಣೆ ಮತ್ತೆ ತೋರಿಸು’ ಎಂಬ ಗುಂಡಿ ಒತ್ತಿ, ಅನಿಲದ ಪಟ್ಟಿಯ ಮೇಲೆ ಮಾತ್ರ ಕಣ್ಣಿಟ್ಟು ಎರಡು ಮೂರು ಸಲ ನೋಡಿ. ಮೊದಲ ಸಲ ತಪ್ಪಿಹೋಗುವ ವಿಷಯ ಆಗ ಸ್ಪಷ್ಟವಾಗುತ್ತದೆ. ಮೂರು ಚುಕ್ಕಿಯ ಒಳಗೆ ಹೋದರೆ ಹೊಸ ಕಲ್ಲಿದ್ದಲು ಸ್ಥಾವರ ಕಟ್ಟುವುದನ್ನೇ ಇಂಥ ವರ್ಷದಿಂದ ನಿಲ್ಲಿಸುವ ಆಯ್ಕೆಯಿದೆ. ವರ್ಷವನ್ನು ಹತ್ತು ವರ್ಷ ಹಿಂದೆ ಮುಂದೆ ಮಾಡಿ ವ್ಯತ್ಯಾಸ ಬರೆದಿಟ್ಟುಕೊಳ್ಳಿ. ಗುರಿಯ ವರ್ಷದ ಬಗ್ಗೆ ನಡೆಯುವ ಅಂತಾರಾಷ್ಟ್ರೀಯ ಹಗ್ಗಜಗ್ಗಾಟದ ಹಿಂದೆ ಇರುವುದು ಇದೇ ವ್ಯತ್ಯಾಸ.

ಇಂಗಾಲದ ಬೆಲೆ ಈ ಎಲ್ಲ ಇಂಧನಗಳನ್ನೂ ಒಟ್ಟಿಗೆ ಮುಟ್ಟುವುದರಿಂದ ಒಂಟಿ ಸ್ಲೈಡರ್‌ಗಳಲ್ಲಿ ಅತಿ ಪ್ರಬಲವಾದವುಗಳ ಸಾಲಿಗೆ ಸೇರುತ್ತದೆ. ಆದರೆ ಅದರ ಬಲತುದಿ ಟನ್ನಿಗೆ 250 ಡಾಲರ್ ಎಂಬುದನ್ನು ಮರೆಯಬಾರದು. ನಮ್ಮಲ್ಲಿ ಇಂಥದ್ದಕ್ಕೆ ಹತ್ತಿರವಿದ್ದದ್ದು ಕಲ್ಲಿದ್ದಲಿನ ಸೆಸ್. 2010ರಲ್ಲಿ ಟನ್ನಿಗೆ 50 ರೂಪಾಯಿ ಇದ್ದದ್ದು 2016ಕ್ಕೆ 400 ರೂಪಾಯಿ ಆಯಿತು. 2017ರಲ್ಲಿ ಜಿಎಸ್‌ಟಿ ಪರಿಹಾರ ಸೆಸ್ಸಿನೊಳಗೆ ಸೇರಿತು. 2025ರ ಸೆಪ್ಟೆಂಬರಿನಲ್ಲಿ ಆ ಸೆಸ್ ತೆಗೆದು ಕಲ್ಲಿದ್ದಲಿನ ಜಿಎಸ್‌ಟಿಯನ್ನು ಶೇ 5ರಿಂದ ಶೇ 18ಕ್ಕೆ ಏರಿಸಲಾಯಿತು. ನಮ್ಮ ಕಲ್ಲಿದ್ದಲು ಒಂದು ಟನ್ ಉರಿದರೆ ಸುಮಾರು ಒಂದೂವರೆ ಟನ್ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಅಂದರೆ 400 ರೂಪಾಯಿ ಸೆಸ್ ಎಂದರೆ ಟನ್ ಇಂಗಾಲದ ಡೈಆಕ್ಸೈಡಿಗೆ ಮೂರು ಡಾಲರಿನ ಆಸುಪಾಸು. ಸ್ಲೈಡರಿನ ಮೇಲೆ ಅದು ಕಣ್ಣಿಗೆ ಬೀಳದಷ್ಟು ಸಣ್ಣ ಸರಿತ. ಚರ್ಚೆಯಲ್ಲಿ ‘ಇಂಗಾಲದ ಬೆಲೆ ಹಾಕಿದ್ದೇವಲ್ಲ’ ಎಂಬ ಮಾತು ಬಂದಾಗ ಈ ಅಳತೆ ಕೈಯಲ್ಲಿರಬೇಕು. ಬೆಲೆ ಏರಿಸಿದಾಗ ಶಕ್ತಿಯ ವೆಚ್ಚದ ಗ್ರಾಫ್ ಮೊದಲ ವರ್ಷಗಳಲ್ಲಿ ಜಿಗಿಯುವುದನ್ನೂ ತೋರಿಸಬೇಕು. ಆ ಹೊರೆ ಬಡವರ ಮನೆಯ ಮೇಲೆ ಎಷ್ಟು, ಶ್ರೀಮಂತರ ಮೇಲೆ ಎಷ್ಟು ಎಂಬ ಲೆಕ್ಕ ಮಾತ್ರ ಇಲ್ಲಿಲ್ಲ. ನ್ಯಾಯದ ಪ್ರಶ್ನೆಗಳು ಸ್ಲೈಡರಿನ ವಿವರಣೆಯಲ್ಲಿ ಬರಹದ ರೂಪದಲ್ಲಿವೆ, ಅಂಕಿಯ ರೂಪದಲ್ಲಿಲ್ಲ. ಇದು ಗಂಭೀರ ಕೊರತೆ. ನೀತಿ ಬೀಳುವುದೂ ನಿಲ್ಲುವುದೂ ಹೆಚ್ಚಾಗಿ ಅದೇ ಪ್ರಶ್ನೆಯ ಮೇಲೆ.

ಎಲೆಕ್ಟ್ರಿಕ್ ವಾಹನದ ಸ್ಲೈಡರೊಂದನ್ನೇ ಎಳೆದರೆ ತೈಲ ಇಳಿಯುತ್ತದೆ, ವಿದ್ಯುತ್ ಬೇಡಿಕೆ ಏರುತ್ತದೆ, ಲಾಭದ ಒಂದು ಭಾಗ ಕಲ್ಲಿದ್ದಲಿನಲ್ಲಿ ಕರಗುತ್ತದೆ. ಇಂಗಾಲದ ಬೆಲೆಯ ಜತೆ ಎಳೆದರೆ ಫಲ ಹೆಚ್ಚು. ಅಣುಶಕ್ತಿ ಎಳೆದಾಗ ಅದು ಕಲ್ಲಿದ್ದಲಿನ ಜತೆಗೆ ನವೀಕರಿಸಬಹುದಾದ ಶಕ್ತಿಯ ಜಾಗವನ್ನೂ ಸ್ವಲ್ಪ ತಿನ್ನುತ್ತದೆ, ಹಾಗಾಗಿ ನಿವ್ವಳ ಇಳಿಕೆ ಸಣ್ಣದು. ಕಡೆಗಣಿಸಬಾರದ್ದು ಮೀಥೇನ್ ಎಂಬ ಇನ್ನೊಂದು ಹಸಿರುಮನೆ ಅನಿಲ. ವಾತಾವರಣದಲ್ಲಿ ಅದರ ಆಯುಷ್ಯ ಸುಮಾರು 12 ವರ್ಷ ಮಾತ್ರ, ಆದ್ದರಿಂದ ಕೃಷಿ, ತ್ಯಾಜ್ಯ ಮತ್ತು ಸೋರಿಕೆಯ ಸ್ಲೈಡರ್‌ಗಳನ್ನು ಎಳೆದರೆ ತಾಪಮಾನದ ಗೆರೆ ಬೇಗ ಬಾಗುತ್ತದೆ. ಭತ್ತದ ಗದ್ದೆಯ ನೀರು ನಿರ್ವಹಣೆ, ನಗರದ ಕಸದ ಗುಡ್ಡ, ಅನಿಲದ ಕೊಳವೆ ಸೋರಿಕೆ ಇವೆಲ್ಲ ಇಲ್ಲಿ ಸೇರುತ್ತವೆ. ಇಷ್ಟು ಫಲ ಕೊಡುವ ಸ್ಲೈಡರನ್ನು ಚರ್ಚೆಯಲ್ಲಿ ಯಾರೂ ಮೊದಲು ಹೆಸರಿಸುವುದಿಲ್ಲ ಎಂಬುದು ಬೇಸರದ ಸಂಗತಿ.

ಇನ್ನು ಎಚ್ಚರಿಕೆಗಳು. ಯಾವ ಸ್ಲೈಡರನ್ನೂ ಮುಟ್ಟದಿದ್ದರೆ ಕಾಣುವ ಆರಂಭದ ಅಂಕಿ ಇತ್ತೀಚಿನ ವರ್ಷಗಳ ಆವೃತ್ತಿಗಳಲ್ಲಿ 3.3 ಡಿಗ್ರಿ, ಅದಕ್ಕೂ ಹಿಂದೆ 3.6 ಇತ್ತು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2025ರ ವರದಿ ಈಗಿನ ನೀತಿಗಳು ಮುಂದುವರಿದರೆ 2.8 ಡಿಗ್ರಿ ಎನ್ನುತ್ತದೆ. ಎನ್-ರೋಡ್ಸ್‌ನ ಆರಂಭದ ಸ್ಥಿತಿ ಭವಿಷ್ಯವಾಣಿಯಲ್ಲ, ಹೋಲಿಕೆಗೆ ಇಟ್ಟ ಒಂದು ಗೆರೆ. ಹಾಗಾಗಿ ಅಂತಿಮ ಅಂಕಿಗಿಂತ ಎಷ್ಟು ಇಳಿಯಿತು ಎಂಬ ವ್ಯತ್ಯಾಸವನ್ನು ಓದುವುದು ಸರಿಯಾದ ಕ್ರಮ. ‘ಸಾಧನ 1.9 ಡಿಗ್ರಿ ಎಂದಿತು’ ಎಂದು ಪತ್ರಿಕೆಗೆ ಬರೆಯುವುದು ತಪ್ಪು.

ಎರಡನೆಯದು ಹವಾಮಾನ ಸಂವೇದನೆ. ಇಂಗಾಲದ ಡೈಆಕ್ಸೈಡ್ ಇಮ್ಮಡಿಯಾದರೆ ಭೂಮಿ ಕೊನೆಗೆ ಎಷ್ಟು ಬಿಸಿಯಾಗುತ್ತದೆ ಎಂಬ ಅಂಕಿ ಅದು. ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನ ಸಮಿತಿಯಾದ ಐಪಿಸಿಸಿಯ ಆರನೇ ವರದಿ 3 ಡಿಗ್ರಿಯನ್ನು ಅತ್ಯುತ್ತಮ ಅಂದಾಜು, 2.5ರಿಂದ 4ರವರೆಗೆ ಸಂಭವನೀಯ ವ್ಯಾಪ್ತಿ ಎಂದಿದೆ. ಸಿಮ್ಯುಲೇಷನ್ ಮೆನುವಿನ ಊಹೆಗಳ ಪುಟದಲ್ಲಿ ಇದನ್ನು ಬದಲಿಸಬಹುದು. ಒಂದೂ ನೀತಿ ಬದಲಿಸದೆ 2.5ರಿಂದ 4ಕ್ಕೆ ಸರಿಸಿದರೆ 2100ರ ಅಂಕಿ ಅರ್ಧ ಡಿಗ್ರಿಗೂ ಹೆಚ್ಚು ಅಲ್ಲಾಡುತ್ತದೆ. ವಿಜ್ಞಾನದಲ್ಲಿ ಅನಿಶ್ಚಿತತೆ ಇದೆ, ಆದ್ದರಿಂದ ಕಾಯೋಣ ಎನ್ನುವವರಿಗೆ ಎರಡೂ ತುದಿಗಳನ್ನು ತೋರಿಸಬೇಕು. ಅನಿಶ್ಚಿತತೆ ಕೆಟ್ಟ ಕಡೆಗೇ ಹೆಚ್ಚು ಚಾಚಿದೆ. ಇಂಥ ಊಹೆಗಳನ್ನು ಮುಚ್ಚಿಡದೆ ಬಳಕೆದಾರನ ಕೈಗೇ ಕೊಟ್ಟಿರುವುದರಿಂದ ಈ ಸಾಧನದ ಮೇಲೆ ನಂಬಿಕೆ ಬರುತ್ತದೆ.

ಮೂರನೆಯದು, ನಮ್ಮವರಿಗೆ ಮುಖ್ಯವಾದದ್ದು: ಎನ್-ರೋಡ್ಸ್ ಇಡೀ ಜಗತ್ತನ್ನು ಒಂದೇ ಘಟಕವಾಗಿ ನೋಡುತ್ತದೆ. ಭಾರತದ ಅಂಕಿ ಬೇರೆ ಸಿಗುವುದಿಲ್ಲ, ಕರ್ನಾಟಕದ ಮಾತಂತೂ ದೂರ. ಕಾವೇರಿ ಕೊಳ್ಳದ ಮಳೆಗೆ ಏನಾಗುತ್ತದೆ, ಕಲಬುರಗಿಯ ಬಿಸಿಲು ಎಷ್ಟೇರುತ್ತದೆ ಎಂದು ಇದನ್ನು ಕೇಳಬಾರದು. ದೇಶಗಳ ಪಾಲಿನ ಪ್ರಶ್ನೆಗೆ ಅದೇ ತಂಡದ ಸಿ-ರೋಡ್ಸ್ ಎಂಬ ಇನ್ನೊಂದು ಸಿಮ್ಯುಲೇಟರ್ ಇದೆ. ಅದರಲ್ಲಿ ಆರು ಗುಂಪುಗಳ ಆಯ್ಕೆ ತೆಗೆದುಕೊಂಡರೆ ಅಮೆರಿಕ, ಐರೋಪ್ಯ ಒಕ್ಕೂಟ, ಚೀನಾದ ಜತೆ ಭಾರತಕ್ಕೂ ಸ್ವಂತ ಸಾಲು ಸಿಗುತ್ತದೆ. ಹೊರಸೂಸುವಿಕೆ ಏರಿಕೆ ನಿಲ್ಲುವ ವರ್ಷ, ಇಳಿಕೆ ಶುರುವಾಗುವ ವರ್ಷ, ವರ್ಷಕ್ಕೆ ಶೇಕಡಾ ಎಷ್ಟು ಇಳಿಕೆ ಎಂದು ತುಂಬಬೇಕು. 2021ರಲ್ಲಿ ಗ್ಲಾಸ್ಗೋದಲ್ಲಿ ಭಾರತ ಘೋಷಿಸಿದ 2070ರ ನಿವ್ವಳ ಶೂನ್ಯ (ಬಿಡುವಷ್ಟನ್ನೇ ಹೀರಿಕೊಳ್ಳುವ) ಗುರಿಗೆ ಯಾವ ಅಂಕಿಗಳು ಬೇಕು ಎಂದು ವಿದ್ಯಾರ್ಥಿಗಳಿಂದಲೇ ಹುಡುಕಿಸಿದರೆ ಒಂದು ಒಳ್ಳೆಯ ತರಗತಿಯಾಗುತ್ತದೆ. ಆಮೇಲೆ ಭಾರತದ ಸಾಲನ್ನು ಹಾಗೇ ಬಿಟ್ಟು ಶ್ರೀಮಂತ ದೇಶಗಳ ಸಾಲುಗಳನ್ನು ಬಿಗಿ ಮಾಡಿ. ಅದಾದ ಮೇಲೆ ಅವನ್ನು ಸಡಿಲಿಸಿ ಭಾರತದ್ದನ್ನು ಬಿಗಿ ಮಾಡಿ. ‘ಅವರು ಮೊದಲು ಮಾಡಲಿ’ ಎಂಬ ವಾದದಲ್ಲಿ ಎಷ್ಟು ನಿಜ, ಎಲ್ಲಿಯವರೆಗೆ ನಿಜ ಎಂಬುದು ಅಲ್ಲಿ ಸಿಗುತ್ತದೆ.

ತರಗತಿಯಲ್ಲಿ ಬಳಸುವವರಿಗೆ ಕೊನೆಯದಾಗಿ ಕೆಲವು ಮಾತು. ಪರದೆಯ ಹೆಸರುಗಳಿಗೆ ಕನ್ನಡ ಪದಗಳ ಪಟ್ಟಿಯನ್ನು ಮೊದಲೇ ಹಲಗೆಯ ಮೇಲೆ ಬರೆದಿಡಿ. ಇಲ್ಲವಾದರೆ ಅರ್ಧ ಸಮಯ ಅದಕ್ಕೇ ಹೋಗುತ್ತದೆ. ಸ್ಲೈಡರ್ ಎಳೆಯುವ ಮುನ್ನ ಎಷ್ಟು ಇಳಿಯಬಹುದೆಂದು ಪ್ರತಿಯೊಬ್ಬರಿಂದಲೂ ಚೀಟಿಯಲ್ಲಿ ಬರೆಸಿ. ಊಹೆ ಬರೆಯದೆ ನೋಡಿದವರು ಉತ್ತರವನ್ನು ‘ನಮಗೆ ಗೊತ್ತಿತ್ತು’ ಎಂದು ಒಪ್ಪಿಕೊಂಡು ಮುಂದೆ ಹೋಗಿಬಿಡುತ್ತಾರೆ. ಒಂದು ಸಲಕ್ಕೆ ಒಂದೇ ಸ್ಲೈಡರ್, ನೋಡಿದ ಮೇಲೆ ಮತ್ತೆ ಮೊದಲಿನ ಜಾಗಕ್ಕೆ. ಎಲ್ಲವನ್ನೂ ಒಟ್ಟಿಗೆ ಸೇರಿಸುವ ಸುತ್ತು ಕೊನೆಗಿರಲಿ, ಏಕೆಂದರೆ ಒಂದೊಂದರ ಇಳಿಕೆಯನ್ನು ಕೂಡಿಸಿದರೆ ಬರುವ ಮೊತ್ತ ಒಟ್ಟಿಗೆ ಎಳೆದಾಗ ಬರುವುದಿಲ್ಲ. ಕಲ್ಲಿದ್ದಲು ಆಗಲೇ ಹೋಗಿದ್ದರೆ ಅದನ್ನು ಇನ್ನೊಮ್ಮೆ ತೆಗೆಯಲಾಗದು. ಮುಗಿದ ಮೇಲೆ ಹಂಚಿಕೆಯ ಲಿಂಕ್ ಉಳಿಸಿ, ಎಲ್ಲ ಸ್ಲೈಡರ್‌ಗಳ ಸ್ಥಾನ ಆ ವಿಳಾಸದೊಳಗೇ ಇರುತ್ತದೆ. ಪಕ್ಕದಲ್ಲಿ ದಿನಾಂಕ ಮತ್ತು ಆ ದಿನದ ಆರಂಭದ ಅಂಕಿಯನ್ನು ಬರೆದಿಡಿ. ಮಾದರಿಯನ್ನು ತಂಡ ಆಗಾಗ ಪರಿಷ್ಕರಿಸುತ್ತದೆ, ಮುಂದಿನ ವರ್ಷ ಅದೇ ಲಿಂಕ್ ಬೇರೆ ಉತ್ತರ ಕೊಟ್ಟರೆ ಬದಲಾದದ್ದು ನಿಮ್ಮ ಸ್ಲೈಡರ್‌ಗಳೋ ಮಾದರಿಯೋ ಎಂದು ಆಗ ಹೇಳಬಹುದು.