ಜಿಮ್ನಿಗೆ 235/75 ಆರ್15 ಟೈರ್: ಸಿಗುವುದು 20 ಮಿ.ಮೀ., ತೆರುವುದು ಅದಕ್ಕಿಂತ ಹೆಚ್ಚು

ಮಾರುತಿ ಸುಜುಕಿ ಜಿಮ್ನಿಗೆ ಕಂಪನಿಯಿಂದ ಬರುವ ಟೈರ್ 195/80 ಆರ್15 (ಅಗಲ 195 ಮಿ.ಮೀ., ಪಕ್ಕದ ಎತ್ತರ ಅಗಲದ ಶೇ. 80, ರಿಮ್ 15 ಇಂಚು), ಎತ್ತರ 693 ಮಿ.ಮೀ. ಆಫ್‌ರೋಡ್ ಹುಚ್ಚು ಹತ್ತಿದವರು ನೇರವಾಗಿ ಡಾಂಬರಿಗೂ ಕಚ್ಚಾ ದಾರಿಗೂ ಆಗುವ 235/75 ಆರ್15 ಆಲ್‌-ಟೆರೇನ್‌ಗೆ ಕೈ ಹಾಕುತ್ತಾರೆ. ಅದರ ಎತ್ತರ ಸುಮಾರು 733. ವ್ಯತ್ಯಾಸ 40 ಇದ್ದರೂ, ಚಕ್ರದ ನಡುವಿನಿಂದ ನೆಲಕ್ಕಿರುವ ದೂರ ಮಾತ್ರ ಲೆಕ್ಕಕ್ಕೆ ಬರುವುದರಿಂದ ಗಾಡಿ ಏಳುವುದು ಅದರ ಅರ್ಧದಷ್ಟೇ.

ಆ 20 ಮಿ.ಮೀ. ಕಡಿಮೆಯೇನಲ್ಲ. ಜಿಮ್ನಿಗೆ ಹಿಂದೆ ಮುಂದೆ ಎರಡೂ ಕಡೆ ರಿಜಿಡ್ ಆಕ್ಸಲ್, ಅಂದರೆ ಎಡ ಬಲ ಚಕ್ರಗಳನ್ನು ಜೋಡಿಸುವ ಒಂದೇ ಗಟ್ಟಿ ಅಚ್ಚು. ಸಸ್ಪೆನ್ಷನ್ ಎತ್ತರಿಸುವ ಲಿಫ್ಟ್ ಕಿಟ್ ಹಾಕಿದರೆ ಬಾಡಿ ಏಳುತ್ತದೆಯೇ ಹೊರತು ಡಿಫರೆನ್ಷಿಯಲ್ (ಆಕ್ಸಲ್ ಮೇಲಿನ ಗೇರುಗಳ ಉಂಡೆ) ಇದ್ದಲ್ಲೇ ಇರುತ್ತದೆ. ಎಸ್ಟೇಟ್ ರಸ್ತೆಯ ನಡುದಿಬ್ಬಕ್ಕೆ ಮೊದಲು ಬಡಿಯುವುದೂ ಅದೇ. ಅದನ್ನು ಎತ್ತುವುದು ಟೈರ್ ಮಾತ್ರ.

ಇನ್ನು ಖರ್ಚಿನ ಬಾಬ್ತು. ಸುತ್ತಳತೆ ಸುಮಾರು ಶೇ. 6 ಹೆಚ್ಚಿದಂತೆ ಗೇರಿಂಗ್ ಅಷ್ಟೇ ಉದ್ದವಾಗುತ್ತದೆ, ಅಂದರೆ ಎಳೆಯುವ ಬಲ ಕುಗ್ಗುತ್ತದೆ. ಮ್ಯಾನುಯಲ್ ಗಾಡಿಯ 4.09 ಫೈನಲ್ ಡ್ರೈವ್ (ಆಕ್ಸಲ್‌ನಲ್ಲಿರುವ ಕೊನೆಯ ಗೇರ್ ಅನುಪಾತ) 3.86ಕ್ಕೆ ಇಳಿದಂತೆ ಲೆಕ್ಕ. ಇಂಜಿನ್‌ನಲ್ಲಿರುವುದು 134 ಎನ್‌ಎಂ ಟಾರ್ಕ್ (ತಿರುಗಿಸುವ ಬಲ), ಅದೂ 4000 ಆರ್‌ಪಿಎಂನಲ್ಲಿ. ಹಾಗಾಗಿ ಘಾಟಿಯಲ್ಲಿ ಮೂರನೇ ಗೇರಿನಲ್ಲಿ ಹತ್ತುತ್ತಿದ್ದ ಕಡೆ ಎರಡಕ್ಕೆ ಇಳಿಸಬೇಕಾಗಬಹುದು. ಕಲ್ಲು ಹತ್ತುವಾಗ ಫೋರ್ ಲೋ (ನಿಧಾನವಾಗಿ ಹೆಚ್ಚು ಬಲ ಕೊಡುವ ಫೋರ್ ವೀಲ್ ಗೇರ್) ಹಾಕದೆ ಹಾಫ್ ಕ್ಲಚ್‌ನಲ್ಲಿ ತಳ್ಳಿದರೆ ಕ್ಲಚ್ ಸುಟ್ಟ ವಾಸನೆ ಬರುವುದು ತಡವಾಗುವುದಿಲ್ಲ. ಟೈರಿನ ತೂಕವೂ ಹೆಚ್ಚು, ಬ್ರೇಕಿಗೂ ಮೈಲೇಜಿಗೂ ಅದರ ಹೊರೆ. ಓಡೋಮೀಟರ್ ನಿಜಕ್ಕಿಂತ ಕಡಿಮೆ ಓಡಿದಂತೆ ತೋರಿಸುವುದರಿಂದ ಮೈಲೇಜ್ ಲೆಕ್ಕ ಹಾಕುವಾಗ ಅದನ್ನೂ ಸೇರಿಸಿಕೊಳ್ಳಿ.

ಅಗಲ ಎಲ್ಲ ಕಡೆಯೂ ಲಾಭವಲ್ಲ. ಮರಳಿನಲ್ಲಿ ಅಗಲ ಟೈರ್ ತೇಲುತ್ತದೆ, ಸರಿ. ಆದರೆ ಮಲೆನಾಡಿನ ಮಳೆಗಾಲದಲ್ಲಿ ಮೇಲೆ ಕೆಸರು, ಕೆಳಗೆ ಗಟ್ಟಿ ನೆಲ ಇರುವ ಕಡೆ ಕಿರಿದಾದ ಟೈರೇ ಕೆಸರು ಸೀಳಿಕೊಂಡು ಹೋಗಿ ಹಿಡಿತ ಪಡೆಯುತ್ತದೆ. ಎಷ್ಟೋ ಸಲ ಕಂಪನಿ ಟೈರಿನ ಗಾಳಿಯನ್ನೇ 18 ಪಿಎಸ್‌ಐಗೆ ಇಳಿಸಿದರೆ ಕೆಲಸ ಆಗಿಬಿಡುತ್ತದೆ. ಇದಕ್ಕೆ ಬೇಕಾದ್ದು ಒಂದು ಗೇಜ್, ಒಂದು ಕಂಪ್ರೆಸರ್. ಡಾಂಬರು ರಸ್ತೆಗೆ ಬರುವ ಮುನ್ನ ಬಾಗಿಲ ಸ್ಟಿಕ್ಕರ್‌ನಲ್ಲಿರುವಷ್ಟು ಗಾಳಿ ಮತ್ತೆ ತುಂಬಲೇಬೇಕು.

ಹಾಕಿಸುವುದೇ ಖಚಿತವಾದರೆ ಮೂಲ ರಿಮ್ 5.5 ಇಂಚು ಅಗಲದ್ದು, 235ಕ್ಕೆ ಕನಿಷ್ಠ 6 ಇಂಚು ಬೇಕು ಎಂಬುದು ನೆನಪಿರಲಿ. ಲಿಫ್ಟ್ ಇಲ್ಲದಿದ್ದರೆ ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಮುಂದಿನ ಬಂಪರ್ ಅಂಚಿಗೋ ಮಡ್‌ಫ್ಲಾಪ್‌ಗೋ ಉಜ್ಜುವ ಸಂಭವ ಹೆಚ್ಚು. ಒಂದು ಚಕ್ರವನ್ನು ಕಲ್ಲಿನ ಮೇಲೆ ಹತ್ತಿಸಿ, ಎರಡೂ ಕಡೆ ಫುಲ್ ಲಾಕ್ ತಿರುಗಿಸಿ ನೋಡದೆ ಅಂಗಡಿಯಿಂದ ಹೊರಡಬೇಡಿ. ಸಮತಟ್ಟು ನೆಲದಲ್ಲಿ ಉಜ್ಜದ ಟೈರ್ ಸಸ್ಪೆನ್ಷನ್ ಕುಗ್ಗಿದಾಗ ಉಜ್ಜಬಹುದು. ವಾರಂಟಿ, ಇನ್ಶೂರೆನ್ಸ್ ವಿಚಾರ ಮೊದಲೇ ಬರಹದಲ್ಲಿ ಕೇಳಿ ಪಡೆಯಿರಿ.

ನಮ್ಮ ಮತ 215/75 ಆರ್15ಕ್ಕೆ. ಎತ್ತರ 703, ಏಳುವುದು ಬರೀ 5 ಮಿ.ಮೀ., ಆದರೆ ಮೂಲ ರಿಮ್‌ಗೇ ಕೂರುತ್ತದೆ, ಗೇರಿಂಗ್ ಕೆಡುವುದಿಲ್ಲ, ಆಲ್‌-ಟೆರೇನ್ ಹಲ್ಲುಗಳ ಹಿಡಿತ ಸಿಗುತ್ತದೆ. ಯಾವ ಅಳತೆಯಾದರೂ ಐದು ಟೈರ್ ಕೊಳ್ಳಿ. ಹಳೆ ಸ್ಟೆಪ್ನಿಯನ್ನು ಒಂದು ಕಡೆಗೆ ಹಾಕಿ ಗಟ್ಟಿ ನೆಲದಲ್ಲಿ ಫೋರ್ ವೀಲ್ ಹಾಕಿದರೆ ಮುಂದಿನ ಹಿಂದಿನ ಆಕ್ಸಲ್‌ಗಳ ವೇಗ ಹೊಂದದೆ ಟ್ರಾನ್ಸ್‌ಫರ್ ಕೇಸ್ (ಎರಡೂ ಆಕ್ಸಲ್‌ಗಳಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಬಿಗಿದುಕೊಳ್ಳುತ್ತದೆ.