ಏಳು ಮಳೆಗಾಲ ಕಂಡ ನನ್ನ ಮ್ಯಾಂಡೊಲಿನ್

2017ರ ಬೇಸಿಗೆಯಲ್ಲಿ ಹದಿನೆಂಟು ಸಾವಿರ ರೂಪಾಯಿ ಕೊಟ್ಟು ಬೆಂಗಳೂರಿನಿಂದ ಶಿರಸಿಗೆ ತಂದ ವಾದ್ಯ ಇದು. ನಾಲ್ಕು ಜೋಡಿಯಾಗಿ ಎಂಟು ತಂತಿ, ಹನಿಯಾಕಾರದ ಎ-ಮಾದರಿಯ ಮೈ, ಪಿಟೀಲಿನಲ್ಲಿರುವಂತೆ ಎರಡು ಎಫ್ ರಂಧ್ರಗಳು. ಮುಖ ಸ್ಪ್ರೂಸ್ ಮರದ್ದು, ಬೆನ್ನು ಮೇಪಲ್. ನಮ್ಮ ಊರಿನ ಸುಗಮ ಸಂಗೀತದ ಗುಂಪಿನಲ್ಲಿ ಹಾಡುಗಳ ನಡುವಿನ ವಾದ್ಯಭಾಗಗಳನ್ನು ಇದರಲ್ಲಿ ನುಡಿಸುತ್ತೇನೆ. ಏಳು ವರ್ಷ ಹೆಚ್ಚುಕಡಿಮೆ ದಿನವೂ ಕೈಯಲ್ಲಿ ಹಿಡಿದಿರುವುದರಿಂದ, ಕೊಂಡ ವಾರದಲ್ಲೇ ಬರೆಯಲಾಗದ ಕೆಲವು ಮಾತುಗಳನ್ನು ಈಗ ಬರೆಯುತ್ತಿದ್ದೇನೆ.

ಮೊದಲ ಎರಡು ವರ್ಷ ನನಗೆ ಇದರ ಮೇಲೆ ಒಂದೇ ದೂರು ಇತ್ತು. ಕೆಳಗಿನ ಸ್ವರಗಳು ತುಂಬಿಕೊಂಡು ಬರುತ್ತಿದ್ದವು. ಎಡಗೈ ಮೇಲಿನ ಮೆಟ್ಟಿಲುಗಳಿಗೆ, ಅಂದರೆ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಗಳಿಗೆ, ಏರಿದಂತೆ ನಾದ ಟೊಳ್ಳಾಗುತ್ತಿತ್ತು. ತಾರಸ್ಥಾಯಿಯ ಷಡ್ಜಕ್ಕೆ ತಲುಪುವ ಹೊತ್ತಿಗೆ ಬಿದಿರಿನ ಕೊಳವೆಯನ್ನು ತಟ್ಟಿದಂತೆ ಕೇಳುತ್ತಿತ್ತು. ತಂತಿ ಬದಲಿಸಿದೆ, ತಂತಿ ಮೀಟುವ ಬಿಲ್ಲೆಯನ್ನು, ಅಂದರೆ ಪಿಕ್ಕನ್ನು, ದಪ್ಪದ್ದು ಹಿಡಿದೆ, ಕಡೆಗೆ ಮಾರಿಬಿಡುವ ಯೋಚನೆಯನ್ನೂ ಮಾಡಿದೆ. ವಾದ್ಯದಲ್ಲಿ ದೋಷವಿರಲಿಲ್ಲ. ನನ್ನ ಬಲಗೈ ಕದಲದೆ ಒಂದೇ ಜಾಗದಲ್ಲಿ ಕುಳಿತಿತ್ತು.

ಒಂದು ಸಂಜೆ ಹೊಲಿಗೆಯ ಟೇಪು ತೆಗೆದುಕೊಂಡು ಅಳೆದೆ. ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿಯಿಂದ, ಮೈಮೇಲೆ ತಂತಿಗಳನ್ನು ಹೊತ್ತು ನಿಲ್ಲುವ ಕುದುರೆಯವರೆಗೆ ತಂತಿಯ ಉದ್ದ ಸುಮಾರು 352 ಮಿಲಿಮೀಟರ್. ನಾನು ಮೀಟುತ್ತಿದ್ದದ್ದು ಕುದುರೆಯಿಂದ 88 ಮಿಲಿಮೀಟರ್ ದೂರದಲ್ಲಿ, ಅಂದರೆ ಕೊನೆಯ ಮೆಟ್ಟಿಲು ಮುಗಿದ ಮೇಲೆ ಸಿಗುವ ಬಯಲಿನಲ್ಲಿ. ಯಾವ ಮೆಟ್ಟಿಲನ್ನೂ ಒತ್ತದೆ ಬಿಟ್ಟ ತಂತಿಗೆ ಅದು ಸರಿಯಾಗಿ ನಾಲ್ಕನೇ ಒಂದು ಭಾಗ. ಐದನೇ ಮೆಟ್ಟಿಲನ್ನು ಒತ್ತಿದಾಗ ಕಂಪಿಸುವ ತಂತಿ 264 ಮಿಲಿಮೀಟರಿಗೆ ಇಳಿಯುತ್ತದೆ, ಅದೇ ಜಾಗ ಮೂರನೇ ಒಂದು ಭಾಗವಾಗುತ್ತದೆ. ಹನ್ನೆರಡನೇ ಮೆಟ್ಟಿಲಿನಲ್ಲಿ ಉಳಿಯುವುದು 176 ಮಾತ್ರ. ಕೈ ಅಲುಗದಿದ್ದರೂ ನಾನು ಆಗ ತಂತಿಯ ನಟ್ಟನಡುವೆ ಮೀಟುತ್ತಿದ್ದೆ.

ನಡುವೆ ಮೀಟಿದರೆ ಏಕೆ ಟೊಳ್ಳು? ತಂತಿ ಇಡಿಯಾಗಿ ಕಂಪಿಸುವುದರ ಜೊತೆಗೆ ಎರಡಾಗಿ, ಮೂರಾಗಿ, ನಾಲ್ಕಾಗಿ ಒಡೆದುಕೊಂಡೂ ಕಂಪಿಸುತ್ತದೆ. ಆ ಒಂದೊಂದು ಕಂಪನಕ್ಕೂ ತಂತಿಯ ಮೇಲೆ ಅಲುಗದ ಬಿಂದುಗಳಿವೆ. ಅಂತಹ ಬಿಂದುವಿನಲ್ಲೇ ಮೀಟಿದರೆ ಆ ಕಂಪನ ಎಚ್ಚರಗೊಳ್ಳುವುದಿಲ್ಲ. ನಾಲ್ಕನೇ ಒಂದು ಭಾಗದಲ್ಲಿ ಮೀಟಿದಾಗ ನಾಲ್ಕನೆಯದು, ಎಂಟನೆಯದು ಕಾಣೆಯಾಗುತ್ತವೆ. ಕಿವಿಗೆ ಅದರ ಕೊರತೆ ಅಷ್ಟಾಗಿ ತಿಳಿಯುವುದಿಲ್ಲ. ನಡುವೆ ಮೀಟಿದಾಗ ಸಮಸಂಖ್ಯೆಯವೆಲ್ಲ ಒಟ್ಟಿಗೆ ಹೋಗುತ್ತವೆ. ಎರಡನೆಯದು ಮೇಲಿನ ಷಡ್ಜ, ಅದೂ ಇಲ್ಲ. ಕ್ಲಾರಿನೆಟ್ಟಿನ ಕೆಳಸ್ವರಗಳ ಆ ಪೊಳ್ಳು ಬಣ್ಣ ಬರುವುದೂ ಸಮಸಂಖ್ಯೆಯ ಕಂಪನಗಳು ಕ್ಷೀಣವಾಗಿರುವುದರಿಂದಲೇ.

ಹಾಗಾದರೆ ಎಡಗೈ ಏರಿದಂತೆ ಬಲಗೈ ಕುದುರೆಯ ಕಡೆಗೆ ಸರಿಯಬೇಕು. ಲೆಕ್ಕದ ಪ್ರಕಾರ ಹನ್ನೆರಡನೇ ಮೆಟ್ಟಿಲಿಗೆ 176ರ ನಾಲ್ಕನೇ ಒಂದು ಭಾಗ, ಅಂದರೆ ಕುದುರೆಯಿಂದ 44 ಮಿಲಿಮೀಟರ್. ನಾನು 50ಕ್ಕೆ ನಿಲ್ಲುತ್ತೇನೆ. ಅದಕ್ಕಿಂತ ಹತ್ತಿರ ಹೋದರೆ ಈ ವಾದ್ಯದಲ್ಲಿ ನಾದದ ಮಾಂಸ ಕರಗಿ ಎಲುಬು ಕಾಣಿಸುತ್ತದೆ. ಏಳನೇ ಮೆಟ್ಟಿಲಿಗೆ 60ರ ಸುತ್ತಮುತ್ತ ಬಹಳ ಚೆನ್ನಾಗಿದೆ. ಕೈ ತಾನಾಗಿ ಸರಿಯುವುದನ್ನು ಕಲಿಯಲು ನನಗೆ ನಾಲ್ಕು ತಿಂಗಳು ಹಿಡಿಯಿತು. ಮಣಿಕಟ್ಟನ್ನು ತಿರುಚದೆ ಮೊಣಕೈಯಿಂದಲೇ ಇಡೀ ತೋಳನ್ನು ಜಾರಿಸಬೇಕು. ಅದಾದ ಮೇಲೆ ಇದು ಬೇರೆಯೇ ವಾದ್ಯವಾಯಿತು. ಅಂದು ಅಂಗಳದಲ್ಲಿ ಕೂತು ಒಂದೇ ಭಾವಗೀತೆಯ ಚರಣವನ್ನು ಕತ್ತಲಾಗುವವರೆಗೆ ನುಡಿಸಿದ್ದು ನನಗೆ ಇನ್ನೂ ನೆನಪಿದೆ.

ಜಾಗ ಬದಲಾದರೆ ಬೆರಳಿಗೆ ತಾಗುವ ಬಿಗಿತವೂ ಬದಲಾಗುತ್ತದೆ. ಕುದುರೆಯ ಬಳಿ ತಂತಿ ಬಗ್ಗುವುದಿಲ್ಲ, ಪಿಕ್ಕನ್ನು ಹಿಂದಕ್ಕೆ ತಳ್ಳುತ್ತದೆ. ಒಂದೇ ಸ್ವರವನ್ನು ಬಿಡದೆ ಮೇಲೆ ಕೆಳಗೆ ಮೀಟುವ ವೇಗದ ಟ್ರೆಮೊಲೊ ಅಲ್ಲಿ ಸ್ಪಷ್ಟವಾಗಿ ನಿಲ್ಲುತ್ತದೆ. ಕತ್ತಿನ ಕಡೆ ಸರಿದರೆ ತಂತಿ ಮೆತ್ತಗೆ ಒಪ್ಪಿಕೊಳ್ಳುತ್ತದೆ, ನಿಧಾನದ ಜೋಗುಳದಂತಹ ಸಾಲಿಗೆ ಅದೇ ಬೇಕು. ಆದರೆ ಇನ್ನೂ ಮುಂದೆ ಹೋದರೆ ಪಿಕ್ಕಿನ ತುದಿ ಕೊನೆಯ ಮೆಟ್ಟಿಲುಗಳಿಗೆ ತಾಗಿ ಟಕಟಕ ಎನ್ನುತ್ತದೆ. ತಬಲಾ, ಹಾರ್ಮೋನಿಯಂ ಎರಡೂ ಜೋರಾಗಿರುವ ವೇದಿಕೆಯಲ್ಲಿ ನಾನು ಬೇಕೆಂದೇ ಬೆರಳಗಲದಷ್ಟು ಕುದುರೆಯ ಕಡೆಗೆ ಸರಿಯುತ್ತೇನೆ. ಧ್ವನಿ ದೊಡ್ಡದಾಗುವುದಿಲ್ಲ, ಆದರೆ ಗುಂಪಿನ ನಡುವೆಯೂ ಕೇಳಿಸುತ್ತದೆ.

ಕ್ಯಾಸೆಟ್‌ಗಳಲ್ಲಿ ಕರ್ನಾಟಕ ಸಂಗೀತದ ಮ್ಯಾಂಡೊಲಿನ್ ವಾದಕ ಯು. ಶ್ರೀನಿವಾಸ್ ಅವರನ್ನು ಕೇಳಿ ಬೆಳೆದವರು ಈ ವಾದ್ಯ ಕೊಳ್ಳುವ ಮೊದಲು ಒಂದು ವಿಷಯ ತಿಳಿದಿರಬೇಕು. ಅವರು ನುಡಿಸುತ್ತಿದ್ದದ್ದು ಐದು ಒಂಟಿ ತಂತಿಗಳ ವಿದ್ಯುತ್ ಮ್ಯಾಂಡೊಲಿನ್. ಆ ಉದ್ದನೆಯ ಗಮಕ, ಆ ನುಣುಪು, ಜೋಡಿ ತಂತಿಯ ಈ ಮರದ ಪೆಟ್ಟಿಗೆಯಿಂದ ಬರುವುದಿಲ್ಲ. ಎಲ್ಲಿ ಮೀಟಿದರೂ ಬರುವುದಿಲ್ಲ. ಇದರ ಸೊಗಸು ಬೇರೆ.

ದೋಷಗಳು ಇವೆ. ಕುದುರೆಯನ್ನು ಅಂಟಿಸಿಲ್ಲ, ತಂತಿಯ ಒತ್ತಡದಿಂದಲೇ ನಿಂತಿರುತ್ತದೆ. ಇದು ಎಲ್ಲ ಇಂತಹ ಮ್ಯಾಂಡೊಲಿನ್‌ಗಳ ಸ್ವಭಾವ. ಒಮ್ಮೆ ರಿಪೇರಿಯ ಅಂಗಡಿಯೊಂದರಲ್ಲಿ ಎಂಟೂ ತಂತಿಗಳನ್ನು ಒಟ್ಟಿಗೆ ಬಿಚ್ಚಿ ಹಾಕಿದರು, ಕುದುರೆ ಪಕ್ಕಕ್ಕೆ ಜಾರಿತು, ಮೇಲಿನ ಸ್ವರಗಳೆಲ್ಲ ಅಪಶ್ರುತಿಯಾದವು. ಆಮೇಲಿಂದ ನಾನೇ ಒಂದೊಂದು ಜೋಡಿಯಾಗಿ ಬದಲಿಸುತ್ತೇನೆ. ಬಿರಡೆಗಳು ಸಾಧಾರಣ, ಮೂರನೇ ವರ್ಷ ಎರಡು ಸಡಿಲವಾದವು. ನಮ್ಮ ಮಲೆನಾಡಿನ ಆಷಾಢದಲ್ಲಿ ಮರ ತೇವ ಕುಡಿದು ಉಬ್ಬುತ್ತದೆ, ತಂತಿಗಳು ಮೆಟ್ಟಿಲಿನಿಂದ ಮೇಲೇಳುತ್ತವೆ. ಕುದುರೆಯ ಪುಟ್ಟ ಗಾಲಿಗಳನ್ನು ತಿರುಗಿಸಿ ತಗ್ಗಿಸಿಕೊಳ್ಳಬೇಕು. ತಂತಿ ಹಳೆಯದಾದಾಗ ಮೇಲಿನ ಕಂಪನಗಳು ಮೊದಲು ಸಾಯುತ್ತವೆ, ಆಗ ಎಲ್ಲಿ ಮೀಟಿದರೂ ಹೆಚ್ಚು ವ್ಯತ್ಯಾಸ ಕೇಳುವುದಿಲ್ಲ. ಮೂರು ತಿಂಗಳಿಗೊಮ್ಮೆ ಬದಲಿಸುವ ಖರ್ಚನ್ನು ಬೆಲೆಯ ಜೊತೆಗೇ ಲೆಕ್ಕ ಹಾಕಿ.

ಇಷ್ಟರ ನಡುವೆಯೂ ಐದಕ್ಕೆ ನಾಲ್ಕು ಕೊಡುತ್ತೇನೆ, ಮನಸ್ಸಿನಿಂದ.

ಅಂಗಡಿಯಲ್ಲಿ ನೋಡುವವರು ಶ್ರುತಿ ಮಾಡಿಸಿಕೊಂಡು ಎ ತಂತಿಯನ್ನು (ತೆಳುವಾದ ಕಡೆಯಿಂದ ಎರಡನೇ ಜೋಡಿ) ಹನ್ನೆರಡನೇ ಮೆಟ್ಟಿಲಿನಲ್ಲಿ ಒತ್ತಿ. ಮೊದಲು ಮೆಟ್ಟಿಲುಗಳು ಮುಗಿಯುವ ಕಡೆ ಮೀಟಿ, ಆಮೇಲೆ ಕುದುರೆಯಿಂದ ಮೂರು ಬೆರಳು ದೂರದಲ್ಲಿ. ಹೊಸ ತಂತಿಯಲ್ಲೂ ಎರಡು ನಾದಗಳು ಒಂದೇ ಬಗೆಯಾಗಿ ಕೇಳಿದರೆ ಆ ವಾದ್ಯವನ್ನು ಮರಳಿ ಕೊಟ್ಟು ಇನ್ನೊಂದನ್ನು ಕೇಳಿ.